ಮನೆಯ ಆಕ್ಸಿಜನ್ನಿಗೆ ಆಸ್ಪತ್ರೆಯ ಕೋಡ್

ಮೊದಲು ತುಂಡಾದದ್ದು ಅವರ ಮಾತು.

ನನ್ನ ಗಂಡ ವೈಜನಾಥ ಕಮಲಾಪುರದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಇಪ್ಪತ್ತಾರು ವರ್ಷ ಗಿರಣಿಯ ಸಪ್ಪಳದ ಮೇಲೆ ದನಿ ಎತ್ತಿ ಮಾತಾಡಿದವರು ಮನೆಯಲ್ಲೂ ಹಾಗೆಯೇ ಮಾತಾಡುತ್ತಿದ್ದರು. ಕುಡಿಯಲು ನೀರು ಕೇಳಿದರೂ ಓಣಿಗೆಲ್ಲ ಗೊತ್ತಾಗಬೇಕು. ಅಂಥವರು ಒಂದು ದಿನ ಊಟಕ್ಕೆ ಕೂತು, "ಪಲ್ಯಾದಾಗ..." ಎಂದು ನಿಲ್ಲಿಸಿದರು. ಉಸಿರು ಎಳೆದುಕೊಂಡರು. ಆಮೇಲೆ, "ಉಪ್ಪು ಕಡಿಮಿ ಆಗ್ಯಾದ" ಎಂದರು. ಉಪ್ಪಿನ ಮಾತನ್ನೂ ಕಂತಿನಲ್ಲಿ ಹೇಳುತ್ತೀರಾ ಎಂದು ನಾನು ನಕ್ಕೆ. ಅವರೂ ನಕ್ಕರು. ಆ ನಗು ಅರ್ಧಕ್ಕೇ ಕೆಮ್ಮಾಯಿತು.

ಎರಡು ತಿಂಗಳಲ್ಲಿ ಜೋಳದ ಚೀಲ ಎತ್ತುವುದು ನಿಂತಿತು. ಮೂರನೆಯ ತಿಂಗಳಲ್ಲಿ ಚಪ್ಪಲಿ ಹಾಕಿಕೊಳ್ಳಲು ಕಟ್ಟೆಯ ಮೇಲೆ ಕೂರಬೇಕಾಯಿತು. ಆಗ ಕಲಬುರಗಿಗೆ ಕರೆದುಕೊಂಡು ಹೋದೆ. ಎಕ್ಸ್‌ರೇ, ಸಿ.ಟಿ. ಸ್ಕ್ಯಾನ್, ಕೊಳವೆಯೊಳಗೆ ಜೋರಾಗಿ ಊದಿಸುವ ಒಂದು ಟೆಸ್ಟ್. ಆ ಟೆಸ್ಟ್‌ನಲ್ಲಿ ಅವರು ಮೂರು ಸಲ ಫೇಲ್ ಆದರು. ನಾಲ್ಕನೆಯ ಸಲಕ್ಕೆ ಕೊಳವೆ ಕೆಳಗಿಟ್ಟು, "ಇದೇನು ಹಾರ್ಮೋನಿಯಂ ಅಲ್ಲ, ಬಿಡ್ರಿ" ಎಂದುಬಿಟ್ಟರು.

ಎದೆರೋಗದ ಡಾಕ್ಟರ್ ಮಧ್ಯವಯಸ್ಸಿನ ಹೆಣ್ಣುಮಗಳು. ಫಿಲ್ಮನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಫೈಬ್ರೋಸಿಸ್ ಅಂತೀವ್ರಿ ಇದಕ್ಕ. ಲಂಗ್ಸ್ ಗಟ್ಟಿ ಆಗಾಕತ್ತಾವ."

"ಹಿಟ್ಟಿನ ಧೂಳಿನಿಂದೇನ್ರಿ?" ಎಂದೆ.

"ಹಿಟ್ಟೂ ಇರಬಹುದು, ಬೀಡಿನೂ ಇರಬಹುದು. ಖರೇ ಕಾರಣ ಹಲವು ಸರ್ತಿ ನಮಗೂ ಗೊತ್ತಾಗಂಗಿಲ್ಲ."

"ಆರಾಮ ಆಗ್ತದಲ್ರಿ?"

ಅವರು ಫಿಲ್ಮನ್ನು ಕವರಿನೊಳಗೆ ಹಾಕಿದರು. "ಸಂಭಾಳಿಸೋಣ್ರಿ."

ಗುಣವಾಗುತ್ತದೆ ಎಂಬ ಮಾತನ್ನು ಅವರು ಆಡಲಿಲ್ಲ.

ಆ ಸಲ ಹತ್ತೊಂಬತ್ತು ದಿನ ಅಡ್ಮಿಟ್ ಆಗಿದ್ದೆವು. ಡಿಸ್ಚಾರ್ಜ್ ದಿನ ಡಾಕ್ಟರ್ ಚೀಟಿ ಬರೆದರು. ಇನ್ನು ಮುಂದೆ ದಿನಕ್ಕೆ ಹದಿನಾರು ತಾಸು ಆಕ್ಸಿಜನ್ ಬೇಕು, ಅದೂ ಮನೆಯಲ್ಲೇ. ಸಿಲಿಂಡರ್ ಆದರೆ ಕಮಲಾಪುರಕ್ಕೆ ದಿನ ಬಿಟ್ಟು ದಿನ ಹೊರಬೇಕು. ಅದರ ಬದಲು ಕಾನ್ಸೆಂಟ್ರೇಟರ್ ಎಂಬ ಮಷೀನ್ ಇದೆ, ಕರೆಂಟಿನ ಮೇಲೆ ನಡೆಯುತ್ತದೆ, ಕೋಣೆಯ ಗಾಳಿಯನ್ನೇ ಎಳೆದುಕೊಂಡು ಅದರೊಳಗಿನ ಆಕ್ಸಿಜನ್ ಬೇರ್ಪಡಿಸಿ ಮೂಗಿಗೆ ಕೊಡುತ್ತದೆ. ಬೆಲೆ ಕೇಳಿದೆ. ನನ್ನ ಎಂಟು ತಿಂಗಳ ಸಂಬಳ.

ಈಗ ನನ್ನ ಕೆಲಸದ ಬಗ್ಗೆ ಹೇಳಬೇಕು. ಹೇಳಲು ಮನಸ್ಸಿಲ್ಲ. ಆದರೆ ಅದಿಲ್ಲದೆ ಮುಂದಿನದು ತಿಳಿಯುವುದಿಲ್ಲ.

ನಾನು ಕಲಬುರಗಿಯ ಒಂದು ದೊಡ್ಡ ಕಚೇರಿಯಲ್ಲಿ ಗುಮಾಸ್ತೆ. ಐವಾನ್-ಎ-ಶಾಹಿ ಕಡೆ ನಮ್ಮ ಆಫೀಸು. ದಿನಾ ಕಮಲಾಪುರದಿಂದ ಬಸ್ಸು ಹತ್ತಿ ಮಹಾಗಾಂವ ದಾಟಿ ಬಂದು ಸಂಜೆ ಹಾಗೆಯೇ ಹೋಗುತ್ತೇನೆ. ಹದಿನಾಲ್ಕು ವರ್ಷ ನಾನು ಕೂತದ್ದು ಮೆಡಿಕಲ್ ಬಿಲ್ಲಿನ ಮೇಜಿಗೆ. ನೌಕರರು ತಮ್ಮ, ತಮ್ಮ ಮನೆಯವರ ಆಸ್ಪತ್ರೆ ಖರ್ಚಿನ ಬಿಲ್ ಕೊಡುತ್ತಾರೆ. ಪ್ರತಿಯೊಂದು ಖರ್ಚಿಗೂ ನಾನು ಒಂದು ಕೋಡ್ ಹಾಕುತ್ತೇನೆ. ಸೈಕ್ಲೋಸ್ಟೈಲ್ ಮಾಡಿದ ಎರಡು ಹಾಳೆಯ ಪಟ್ಟಿ ಇದೆ, ನನಗೆ ಬಾಯಿಪಾಠ. ಹನ್ನೆರಡು ಎಂದರೆ ಅಡ್ಮಿಟ್ ಆಗಿದ್ದಾಗಿನ ಆಕ್ಸಿಜನ್, ಅದರ ಸಲಕರಣೆಗಳ ಬಾಡಿಗೆ. ಅದು ಆಫೀಸಿನಲ್ಲೇ ಪಾಸ್ ಆಗುತ್ತದೆ. ಮೂವತ್ತೊಂದು, ವ್ಹೀಲ್‌ಚೇರ್. ಮೂವತ್ತೊಂಬತ್ತು ಎಂದರೆ ಮನೆಯಲ್ಲಿ ಬಳಸುವ ಬೇರೆ ಯಾವುದೇ ಸಾಧನ. ಅದನ್ನು ಕೊಳ್ಳುವ ಮೊದಲೇ ಬೆಂಗಳೂರಿನ ಒಪ್ಪಿಗೆ ಬರಬೇಕು.

ಮೂವತ್ತೊಂಬತ್ತರ ಫೈಲು ಬೆಂಗಳೂರಿಗೆ ಹೋದರೆ ಏನಾಗುತ್ತದೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅನೇಕವು ಅಲ್ಲಿಯವರೆಗೂ ಹೋಗುತ್ತಿರಲಿಲ್ಲ, ನಾನೇ ತಡೆಯುತ್ತಿದ್ದೆ. ಡಾಕ್ಟರ ಸಹಿಯ ಕೆಳಗೆ ತಾರೀಖಿಲ್ಲ. ಸಾಧನ "ಅತ್ಯವಶ್ಯ" ಎಂದು ಬರೆದಿಲ್ಲ, "ಅವಶ್ಯ" ಎಂದಷ್ಟೇ ಬರೆದಿದೆ. ಕೆಂಪು ಶಾಯಿಯಲ್ಲಿ ಆಕ್ಷೇಪಣೆ ಬರೆದು ವಾಪಸ್ ಕಳಿಸುತ್ತಿದ್ದೆ. ಆಫೀಸಿನವರು ಹಿಂದಿನಿಂದ ನನ್ನನ್ನು "ಆಬ್ಜೆಕ್ಷನ್ ಬಾಯಾರು" ಎನ್ನುತ್ತಿದ್ದರು. ಗೊತ್ತಿತ್ತು. ಒಳಗೊಳಗೆ ಹೆಮ್ಮೆಯೂ ಇತ್ತು.

ಬಾಡಿಗೆ ಸಿಲಿಂಡರಿನ ಮೇಲೆ ದಿನ ದೂಡುತ್ತ ಗಿರಣಿ ಮಾರಿದೆವು. ಮೋಟಾರು, ಕಲ್ಲು, ತಕ್ಕಡಿ ಎಲ್ಲ. ಅದೇ ದುಡ್ಡಿನಲ್ಲಿ ಮಷೀನ್ ತರುವುದೆಂದಾಯಿತು. ಗಿರಣಿ ಹೋದ ಮೇಲೆ, ಗಂಡ ನನ್ನ ಅವಲಂಬಿತರು ಎಂಬ ಫಾರ್ಮಿಗೆ ಅವರ ಸಹಿ ಬೇಕಾಗಿತ್ತು. ಅವರು ಮುಖ ನೋಡದೆ ಸಹಿ ಹಾಕಿದರು. ಆದರೆ ಮಷೀನ್ ಒಂದೇ ಸಾಲದು. ನಮ್ಮೂರಲ್ಲಿ ದಿನಕ್ಕೆ ಐದಾರು ತಾಸು ಕರೆಂಟ್ ಹೋಗುತ್ತದೆ, ಇನ್ವರ್ಟರ್, ಬ್ಯಾಟರಿ ಬೇಕು. ಔಷಧ ಬೇಕು. ಮಷೀನಿನ ದುಡ್ಡು ಆಫೀಸಿನಿಂದ ವಾಪಸ್ ಬರಲೇಬೇಕಿತ್ತು, ಬೇಗ ಬರಬೇಕಿತ್ತು.

ಸುಪರ್ ಮಾರ್ಕೆಟ್ ಹತ್ತಿರದ ಸರ್ಜಿಕಲ್ ಅಂಗಡಿಯ ಖಾದರ್ ಸಾಹೇಬರ ಬಿಲ್ಲುಗಳನ್ನು ನಾನು ವರ್ಷಗಟ್ಟಲೆ ನೋಡಿದ್ದೆ. ಅವರ ಮುಂದೆ ಕೂತು ಹೇಳಿದೆ. ಮಷೀನ್ ಕೊಡಿ, ಆದರೆ ಬಿಲ್ಲಿನಲ್ಲಿ ಮಷೀನ್ ಎಂದು ಬರೆಯಬೇಡಿ. ಅಡ್ಮಿಟ್ ಆಗಿದ್ದ ಹತ್ತೊಂಬತ್ತು ದಿನದ ಆಕ್ಸಿಜನ್, ಮಾನಿಟರ್ ಬಾಡಿಗೆ, ಬೈಪ್ಯಾಪ್ ಎಂಬ ಉಸಿರಾಟದ ಮಷೀನಿನ ಬಾಡಿಗೆ ಎಂದು ಮೂರು ಬಿಲ್ ಮಾಡಿ.

ಅವರು ಕನ್ನಡಕ ತೆಗೆದರು. "ಬಾಯಾರೆ, ಬಿಲ್ ಮಾಡೋದು ದೊಡ್ಡ ಮಾತಲ್ಲ. ಆದ್ರ ಮಷೀನಿನ ಹೆಸರಿನ ಮ್ಯಾಲೆ ಬಿಲ್ ಇಲ್ಲಂದ್ರ ವಾರಂಟಿ ಬರಂಗಿಲ್ಲ ನೋಡ್ರಿ. ಕಂಪನಿ ಮನುಷ್ಯಾ ಮನೀಗಿ ಬಂದು ಕೂಡಿಸಿ, ಎಲ್ಲಾ ತಿಳಿಸಿ ಹೇಳಿ ಹೋಗ್ತಾನ, ಮೂರು ತಿಂಗಳಿಗೊಮ್ಮೆ ಬಂದು ನೋಡ್ತಾನ. ಅದು ಬಂದ್ ಆಗ್ತದ. ಅಸಲಿ ಬಿಲ್ ಒಂದು ಮನ್ಯಾಗ ಇಟಗೋರಿ."

"ಎರಡು ಬಿಲ್ ಇದ್ರ ಆಡಿಟ್‌ನಾಗ ಸಿಕ್ಕೇ ಸಿಗ್ತೀವ್ರಿ. ನಿಮ್ಮ ಪುಸ್ತಕದಾಗ ಅದು ನಿಮ್ಮ ಬಾಡಿಗೆ ಮಷೀನ್ ಅಂತ ಇರಲಿ."

"ಸೋಚ್ ಮಾಡ್ರಿ ಒಮ್ಮೆ. ಪೇಷಂಟ್ ನಿಮ್ಮ ಮನೆಯವರು ಇದ್ದಾರ."

"ಹದಿನಾಲ್ಕು ವರ್ಷ ಇದನ್ನೇ ಮಾಡೀನ್ರಿ ನಾ" ಎಂದೆ.

ಅವರು ಕನ್ನಡಕ ಹಾಕಿಕೊಂಡು ಬಿಲ್ ಪುಸ್ತಕ ಎಳೆದುಕೊಂಡರು.

ಆಸ್ಪತ್ರೆಯ ಕಾಗದಗಳ ರಾಶಿಯ ನಡುವೆ ಆ ಮೂರು ಬಿಲ್ಲಿಗೂ ಡಾಕ್ಟರ ಸಹಿ ಬಿತ್ತು. ನನ್ನ ಮೇಲಿನ ಸುಪರಿಂಟೆಂಡೆಂಟ್ ಕುಲಕರ್ಣಿ ಸರ್, ಕೋಡ್ ಹನ್ನೆರಡು ನೋಡಿ, ಬರೆದವಳು ನಾನೆಂಬ ಕಾರಣಕ್ಕೆ, ಹಾಳೆ ತಿರುವದೆ ಸಹಿ ಹಾಕಿದರು. ಎರಡು ತಿಂಗಳ ಒಳಗೆ ದುಡ್ಡು ಬಂತು. ಇನ್ವರ್ಟರ್ ಬಂತು. ಆ ದಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ನನ್ನ ವಿದ್ಯೆ ಕೊನೆಗೂ ಮನೆಗೆ ಉಪಯೋಗಕ್ಕೆ ಬಂತು ಎಂದುಕೊಂಡೆ. ಹೌದು, ಹಾಗೆಯೇ ಅಂದುಕೊಂಡೆ.

ಮಷೀನ್ ಟೆಂಪೋದಲ್ಲಿ ಬಂದಿತ್ತು. ಇಳಿಸಿದವನು ಪ್ಲಗ್ ಹಾಕಿ, ಗುಂಡಿ ಒತ್ತಿ ತೋರಿಸಿ ಹೋದ. ಕಂಪನಿಯವರು ಯಾರೂ ಬರಲಿಲ್ಲ, ಬರುವಂತಿರಲಿಲ್ಲ. ಪೆಟ್ಟಿಗೆಯಲ್ಲಿ ಒಂದು ಇಂಗ್ಲಿಷ್ ಪುಸ್ತಕ ಇತ್ತು. ಅದರ ಮೇಲೆ ಮಷೀನಿನ ನಂಬರ್ ಬರೆದಿತ್ತು. ಯಾರ ಕಣ್ಣಿಗೂ ಬೀಳಬಾರದೆಂದು ಅದನ್ನು ತೆರೆಯದೆ ಬೀರುವಿನಲ್ಲಿ ರೇಷ್ಮೆ ಸೀರೆಯ ಕೆಳಗೆ ಇಟ್ಟೆ.

ಹಗಲು ನನ್ನ ಗಂಡನನ್ನು ನೋಡಿಕೊಳ್ಳುತ್ತಿದ್ದವರು ನಮ್ಮ ಅತ್ತೆ. ಎಪ್ಪತ್ತು ದಾಟಿದ ಜೀವ, ಅಕ್ಷರ ಬಾರದು, ಕೈ ಮಾತ್ರ ಒಂದು ಗಳಿಗೆ ಸುಮ್ಮನಿರದು. ಮೊದಲ ದಿನವೇ ಮಷೀನಿನ ಹಣೆಗೆ ವಿಭೂತಿ ಹಚ್ಚಿದರು. ನಮ್ಮ ಮನೆಯಲ್ಲಿ ಟಿ.ವಿ.ಗೆ ಹೊದಿಕೆ, ಮಿಕ್ಸರ್‌ಗೆ ಹೊದಿಕೆ, ಹೊಲಿಗೆ ಮಷೀನಿಗೂ ಹೊದಿಕೆ. ಬೆಲೆಬಾಳುವ ವಸ್ತುವನ್ನು ಬರಿಮೈಯಲ್ಲಿ ಇಡುವುದು ಅವರಿಗೆ ಆಗದ ಮಾತು. ವಾರದೊಳಗೆ ತಮ್ಮ ಹಳೆಯ ಇಳಕಲ್ ಸೀರೆ ಕತ್ತರಿಸಿ, ಒಳಗೊಂದು ಅರಿವೆಯ ಪದರ ಕೊಟ್ಟು, ನಾಲ್ಕೂ ಕಡೆ ನೆಲಕ್ಕೆ ತಾಗುವಂಥ ಕುಲಾಯಿ ಹೊಲಿದರು. ಮೂಗಿನ ನಳಿಗೆ ಬರಲೆಂದು ಮೇಲೊಂದು ಕಿಂಡಿ, ಅದಕ್ಕೆ ಅಂಚು.

"ನಮ್ಮೂರ ಧೂಳಿಗೆ ಹಾಳಾಗಬಾರದಲ್ಲ ಯವ್ವಾ" ಎಂದರು.

ನಾನೂ ಚೆಂದ ಅದ ಎಂದೆ. ಸಪ್ಪಳವೂ ತಗ್ಗಿತೆಂದು ನನ್ನ ಗಂಡನಿಗೂ ಸಮಾಧಾನ. ನೋಡಲು ಬಂದ ಹೆಂಗಸರೆಲ್ಲ ಅಂಚು ಮುಟ್ಟಿ ಮುಟ್ಟಿ ಹೊಗಳಿದರು.

ನಾಲ್ಕು ತಿಂಗಳು ಒಳ್ಳೆಯವು. ಮೂಗಿನಲ್ಲಿ ನಳಿಗೆ ಇಟ್ಟುಕೊಂಡು ಅವರು ಬಾಗಿಲವರೆಗೆ ಬಂದು ಕೂರುತ್ತಿದ್ದರು. ಊರವರು ಬಂದು ತಮ್ಮ ಪಂಪ್‌ಸೆಟ್ ಹೇಗೆ ಸದ್ದು ಮಾಡುತ್ತದೆ ಎಂದು ಬಾಯಿಂದಲೇ ಮಾಡಿ ತೋರಿಸಿದರೆ, ಇವರು ಕೂತಲ್ಲೇ ಬೇರಿಂಗ್ ಹೋಗಿದೆಯೋ ಬೆಲ್ಟ್ ಸಡಿಲೋ ಹೇಳುತ್ತಿದ್ದರು. ಇಂಥ ನಾಲ್ಕು ತಿಂಗಳು ಮತ್ತೆ ಬರಲಿಲ್ಲ.

ಒಂದು ಬೆಳಿಗ್ಗೆ ನಾನು ಬಸ್ಸಿಗೆ ಹೊರಟಿದ್ದೆ.

"ಕೇಳಿಲ್ಲಿ," ಎಂದರು. "ಮಷೀನ್ ಸಪ್ಪಳ ಬದಲಾಗ್ಯಾದ. ಗಾಳಿ ಸರಿ ಎಳಕೊಳ್ಳವಲ್ದು. ಕಂಪನಿ ಅಂವನ್ನ ಕರಸು."

ನಾನು ನೀರಿನ ಬಾಟಲಿ ನೋಡಿದೆ. ಆಕ್ಸಿಜನ್ ಅದರ ಮೂಲಕ ಹಾದು ಬರುತ್ತದೆ. ಗುಳ್ಳೆ ಬರುತ್ತಿದ್ದವು. "ಗುಳ್ಳಿ ಬರಾಕತ್ತಾವಲ್ರಿ. ಎಲ್ಲಾ ಸರಿ ಅದ" ಎಂದೆ.

"ಗುಳ್ಳಿ ಬರ್ತಾವ. ಸಪ್ಪಳ ಸರಿ ಇಲ್ಲ."

"ಈ ತಿಂಗಳ ಮುಗೀಲಿ."

ಆ ತಿಂಗಳು ಆಡಿಟ್‌ನವರು ನಮ್ಮ ಆಫೀಸಿನಲ್ಲಿ ಕೂತಿದ್ದರು. ನನ್ನ ಮೇಜಿನ ಫೈಲುಗಳನ್ನೇ ನೋಡುತ್ತಿದ್ದರು. ಖಾದರ್ ಸಾಹೇಬರ ಅಂಗಡಿಗೆ ಫೋನ್ ಮಾಡುವುದಕ್ಕೂ ನನಗೆ ಭಯ. ಯಾರಾದರೂ ಕೇಳಿಸಿಕೊಂಡರೆ? ಮಷೀನ್ ಎಂಬ ಶಬ್ದವೇ ನನ್ನ ಬಾಯಿಂದ ಬರಬಾರದು ಎಂದು ನಿರ್ಧರಿಸಿದ್ದೆ. ಅವರು ಮರುದಿನ ಕೇಳಿದರು. ಅದರ ಮರುದಿನವೂ ಕೇಳಿದರು. ಐದನೆಯ ದಿನದಿಂದ ಕೇಳುವುದನ್ನು ಬಿಟ್ಟರು. ಕೇಳುವಷ್ಟು ಉಸಿರು ಇರಲಿಲ್ಲ ಎಂಬುದು ನನಗೆ ಹೊಳೆಯಲಿಲ್ಲ. ರೋಗ ಮುಂದುವರಿಯುತ್ತಿದೆ ಎಂದುಕೊಂಡೆ. ಉಗುರು ನೀಲಿಯಾಗಿದ್ದನ್ನು ನೋಡಿದೆ, ಅದೂ ರೋಗವೇ ಎಂದುಕೊಂಡೆ. ಒಂದು ಸಂಜೆ ನನ್ನನ್ನು ಅವರ ತೀರಿಹೋದ ಅಕ್ಕನ ಹೆಸರಿನಿಂದ ಕರೆದರು.

ಹನ್ನೊಂದು ದಿನ.

ಹನ್ನೆರಡನೆಯ ಬೆಳಿಗ್ಗೆ ಚಹಾ ಕೊಡಲು ಹೋದರೆ ಕಣ್ಣು ಅರ್ಧ ತೆರೆದಿದ್ದವು, ಕರೆದರೆ ಓಗೊಡಲಿಲ್ಲ. ಅಕ್ಕಪಕ್ಕದವರು ಟೆಂಪೋ ತಂದರು. ಮಹಾಗಾಂವ ದಾಟುವಾಗ ಅತ್ತೆ ಮಗನ ಕಾಲು ತೊಡೆಯ ಮೇಲಿಟ್ಟುಕೊಂಡು ಉಜ್ಜುತ್ತಲೇ ಇದ್ದರು. ನಾನು ರಸ್ತೆಯ ಕಲ್ಲುಗಳನ್ನು ಎಣಿಸುತ್ತಿದ್ದೆ.

ಆಸ್ಪತ್ರೆಯಲ್ಲಿ ಬೆರಳಿಗೆ ಕ್ಲಿಪ್ ಹಾಕಿದರು. ಸ್ಯಾಚುರೇಷನ್ ಅರವತ್ತೊಂದು. ತೊಂಬತ್ತರ ಮೇಲೆ ಇರಬೇಕಿತ್ತಂತೆ. ಐ.ಸಿ.ಯು.ಗೆ ಒಯ್ದರು. ಡಾಕ್ಟರ್ ಹೊರಗೆ ಬಂದು ಕೇಳಿದ್ದು ಒಂದೇ ಪ್ರಶ್ನೆ.

"ಮನ್ಯಾಗ ಆಕ್ಸಿಜನ್ ಬಿಡಿಸಿದ್ರೇನ್ರಿ?"

"ಇಲ್ರಿ. ಇಪ್ಪತ್ನಾಲ್ಕು ತಾಸೂ ಹಚ್ಚಿದ್ದೆವು."

"ಹಂಗಾರ ಆ ಮಷೀನ್ ತರಸ್ರಿ."

ಮಧ್ಯಾಹ್ನ ಮಷೀನ್ ಬಂತು, ಕುಲಾಯಿ ಸಮೇತ. ಆಸ್ಪತ್ರೆಯ ಟೆಕ್ನಿಷಿಯನ್ ವರಾಂಡದಲ್ಲೇ ಪ್ಲಗ್ ಹಾಕಿ ಮೀಟರ್ ಹಿಡಿದ. ನಳಿಗೆಯಲ್ಲಿ ಬರುತ್ತಿದ್ದದ್ದು ಹೆಚ್ಚುಕಡಿಮೆ ನಾವೆಲ್ಲ ಉಸಿರಾಡುವ ಗಾಳಿಯೇ. ಗುಳ್ಳೆ ಏಳುತ್ತಿದ್ದವು, ಸದ್ದು ಬರುತ್ತಿತ್ತು, ಆಕ್ಸಿಜನ್ ಇರಲಿಲ್ಲ. ಹಿಂದಿನ ಜಾಳಿಗೆ ತೆಗೆದ. ಅದರೊಳಗಿನ ಫಿಲ್ಟರ್ ಹಂಚಿನ ಮಸಿಯಂತೆ ಕಪ್ಪಾಗಿತ್ತು.

"ಇದು ಗಾಳಿ ಎಳಕೊಳ್ಳೋ ಜಾಗಾರಿ. ಇದರ ಮ್ಯಾಲೆ ಬಟ್ಟಿ ಹೊಚ್ಚಿದ್ರೇನು? ಒಳಗ ಕಾದು ಕಾದು ಎಲ್ಲಾ ಸುಟ್ಟು ಹೋಗ್ಯಾದ. ಯಾರು ಹೊಚ್ಚಿದವರು?"

ಅತ್ತೆ ನನ್ನ ಪಕ್ಕದಲ್ಲೇ ನಿಂತಿದ್ದರು. ಕೈಯಲ್ಲಿ ಆ ಕುಲಾಯಿ.

"ನಾನೇ, ಅಪ್ಪಾ" ಎಂದರು.

"ಕಂಪನಿಯವರು ಬಂದಾಗ ಹೇಳಲಿಲ್ಲೇನ್ರಿ?" ಎಂದು ಅವನು ನನ್ನ ಕಡೆ ತಿರುಗಿದ.

ನಾನು ಸುಮ್ಮನಿದ್ದೆ.

ಆ ವರಾಂಡದಲ್ಲಿ ಒಂದೇ ಒಂದು ಮಾತು ಸಾಕಾಗಿತ್ತು. ಕಂಪನಿಯವರು ಬಾರದಂತೆ ಮಾಡಿದವಳು ನಾನು, ಪುಸ್ತಕ ಅಡಗಿಸಿಟ್ಟವಳು ನಾನು, ಹನ್ನೊಂದು ದಿನ ಅವರ ಮಾತಿಗೆ ಕಿವಿಗೊಡದವಳು ನಾನು. ಆದರೆ ಎಪ್ಪತ್ತು ದಾಟಿದ ಹೆಂಗಸು ಕುಲಾಯಿಯನ್ನು ಮಡಿಸಿ ಮಡಿಸಿ ಸಣ್ಣದು ಮಾಡುತ್ತ ನಿಂತಿದ್ದಾಗ ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದೆ. ಹೇಡಿತನ ಎಂದರೆ ಇದೇ.

ಆರು ದಿನ ಐ.ಸಿ.ಯು. ಆಮೇಲೆ ವಾರ್ಡು. ಜೀವ ಉಳಿಯಿತು. ಎದೆಗೆ ಬಿದ್ದ ಹೊರೆಯಿಂದ ಹೃದಯದ ಬಲಭಾಗ ದೊಡ್ಡದಾಗಿದೆ, ಮೊದಲಿನ ಹಾಗೆ ಆಗುವುದಿಲ್ಲ ಎಂದರು ಡಾಕ್ಟರ್. ಮನೆಗೆ ಸರಿಯಾದ ಮಷೀನ್ ಬರುವವರೆಗೆ ಡಿಸ್ಚಾರ್ಜ್ ಮಾಡುವುದಿಲ್ಲ ಎಂದೂ ಹೇಳಿದರು. ಖಾದರ್ ಸಾಹೇಬರು ತಾವೇ ಬಂದು ಹಳೆಯ ಮಷೀನ್ ನೋಡಿ ತಲೆ ಅಲ್ಲಾಡಿಸಿದರು. ವಾರಂಟಿ ಇದ್ದಿದ್ದರೆ ಪುಕ್ಕಟೆ ಬದಲಾಗುತ್ತಿತ್ತು ಎಂದು ಅವರು ಹೇಳಲಿಲ್ಲ. ಹೇಳಿದ್ದರೆ ನನಗೆ ಹಗುರವಾಗುತ್ತಿತ್ತೇನೋ.

ಮಾರಲು ಇನ್ನೊಂದು ಗಿರಣಿ ಇರಲಿಲ್ಲ. ಉಳಿದಿದ್ದ ದಾರಿ ಮೂವತ್ತೊಂಬತ್ತು ಒಂದೇ.

ಕುಲಕರ್ಣಿ ಸರ್ ಮನೆಯಲ್ಲಿ ಮರಾಠಿ, ಆಫೀಸಿನಲ್ಲಿ ಕನ್ನಡ ಮಾತಾಡುವವರು. ನಿವೃತ್ತಿಗೆ ಒಂದೇ ತಿಂಗಳು ಉಳಿದಿತ್ತು. ಅರ್ಜಿ ನೋಡಿ, "ಅರೇ ದೇವಾ, ಇಷ್ಟು ದಿನ ಮಷೀನ್ ಇಲ್ಲದ ಹ್ಯಾಂಗ ಇಟ್ಟಿದ್ರಿ ಅವರನ್ನ?" ಎಂದರು.

"ಮಷೀನ್ ಇತ್ತು ಸರ್."

ಎಲ್ಲ ಹೇಳಿದೆ. ಫೈಲು ನಂಬರ್ ಸಮೇತ. ಅವರು ಎದ್ದು ಬಾಗಿಲು ಮುಚ್ಚಿದರು. ಮತ್ತೆ ಬಂದು ಕೂತರು. ಆ ಹಳೆಯ ಫೈಲು ತೆರೆದು ತಮ್ಮ ಸಹಿ ನೋಡಿದರು.

"ನಿಮ್ಮ ಅಕ್ಷರ ನೋಡಿ ಸಹಿ ಮಾಡಿದೆ ನಾ."

"ಗೊತ್ತದರಿ ಸರ್."

"ನನ್ನ ಪೆನ್ಶನ್ ಪೇಪರ್ ಹೋಗ್ಯಾವ ಬಾಯಾರ. ಈಗ ಇದು ಬಂದ್ರ ನನಗೂ ಬರ್ತದ."

ಬೇಡ ಬಿಡಿ ಸರ್, ಅರ್ಜಿ ವಾಪಸ್ ಕೊಡಿ ಎನ್ನಬೇಕಿತ್ತು. ಎನ್ನಲಿಲ್ಲ. ವಾರ್ಡಿನ ಸಿಲಿಂಡರ್ ಮಾತ್ರ ಕಣ್ಣ ಮುಂದಿತ್ತು.

"ಬರದು ಕೊಡ್ರಿ. ಏನೂ ಬಿಡಬ್ಯಾಡ್ರಿ," ಎಂದರು.

ಬರೆದು ಕೊಟ್ಟೆ. ಸಂಬಳದಿಂದ ವಸೂಲಿ, ಎರಡು ಇಂಕ್ರಿಮೆಂಟ್ ಬಂದ್, ಆ ಮೇಜಿನಿಂದ ವರ್ಗ. ಅವರಿಗೂ ಮೆಮೋ ಬಂತು, ಪೆನ್ಶನ್ ಎರಡು ತಿಂಗಳು ತಡವಾಯಿತು. ಆದರೂ ಮೂವತ್ತೊಂಬತ್ತರ ಫೈಲಿಗೆ ಟಿಪ್ಪಣಿ ಬರೆದವರು ಅವರೇ. ಅದರ ನಕಲು ನನ್ನ ಹತ್ತಿರ ಇದೆ. "ತಪ್ಪು ನೌಕರರದು, ರೋಗಿಯದಲ್ಲ. ರೋಗಿಯ ಉಸಿರಾಟ ವಿಚಾರಣೆ ಮುಗಿಯುವವರೆಗೆ ಕಾಯುವಂಥದ್ದಲ್ಲ." ಅವರು ಹಾಗೆ ಬರೆಯಬೇಕಾಗಿರಲಿಲ್ಲ. ಬೆಂಗಳೂರಿನ ಒಪ್ಪಿಗೆ, ಮುಂಗಡ ದುಡ್ಡಿನ ಸಮೇತ, ಇಪ್ಪತ್ತಾರು ದಿನಕ್ಕೆ ಬಂತು. ನನ್ನ ಹದಿನಾಲ್ಕು ವರ್ಷದಲ್ಲಿ ಅಷ್ಟು ಬೇಗ ಬಂದ ಫೈಲು ಅದೊಂದೇ. ನಾನು ಕೆಂಪು ಶಾಯಿ ಹಚ್ಚಿ ವಾಪಸ್ ಕಳಿಸಿದವರ ಮನೆಗಳಲ್ಲಿ ಆ ದಿನಗಳಲ್ಲಿ ಏನಾಗಿರಬಹುದು ಎಂದು ವಾರ್ಡಿನ ಬೆಂಚಿನ ಮೇಲೆ ಕೂತು ಯೋಚಿಸಿದೆ. ಹೆಸರುಗಳು ನೆನಪಾದವು. ಹೆಸರಿನ ಜೊತೆ ಕೋಡೂ ನೆನಪಾಯಿತು.

ಹೊಸ ಮಷೀನ್ ಜೊತೆ ಕಂಪನಿಯ ಇಂಜಿನಿಯರ್ ಕಮಲಾಪುರಕ್ಕೆ ಬಂದ. ಗೋಡೆಯಿಂದ ಒಂದು ಮೊಳ ದೂರ ಇಡಿ, ಹಿಂದೆ ಏನೂ ಇರಬಾರದು, ವಾರಕ್ಕೊಮ್ಮೆ ಫಿಲ್ಟರ್ ತೊಳೆಯಿರಿ. ಎಲ್ಲ ಸೇರಿ ಹತ್ತು ನಿಮಿಷದ ಮಾತು.

ಹತ್ತು ನಿಮಿಷ.

ಅತ್ತೆ ಅಡುಗೆಮನೆಯಲ್ಲೇ ಇದ್ದರು. ಆಸ್ಪತ್ರೆಯ ವರಾಂಡದ ಆ ಮಧ್ಯಾಹ್ನದಿಂದ ಅವರು ಮಗನ ಹತ್ತಿರ ಹೋಗಿರಲಿಲ್ಲ, ಮನೆಗೆ ಬಂದ ಮೇಲೂ ಆ ಕೋಣೆಯ ಹೊಸ್ತಿಲು ದಾಟಲಿಲ್ಲ. ಗಂಜಿ ಕಾಸಿ ಬಾಗಿಲಲ್ಲಿಟ್ಟು, "ಒಯ್ಯವ್ವಾ" ಎಂದು ನನ್ನನ್ನು ಕರೆಯುತ್ತಿದ್ದರು. ನಾನು ರಜೆ ಮುಗಿದು ಆಫೀಸಿಗೆ ಹೋದರೆ ಪಕ್ಕದ ಮನೆಯವಳನ್ನು ಕರೆದು ಕೊಡಿಸುತ್ತಿದ್ದರು. ಒಂದು ಹೊತ್ತು ಮಾತ್ರ ಉಣ್ಣುತ್ತಿದ್ದರು. ಟಿ.ವಿ.ಯ ಹೊದಿಕೆ, ಮಿಕ್ಸರಿನ ಹೊದಿಕೆ ಎಲ್ಲ ತೆಗೆದು ಎಲ್ಲಿಟ್ಟರೋ. ಮನೆಯ ಸಾಮಾನುಗಳೆಲ್ಲ ಬರಿಮೈಯಲ್ಲಿದ್ದವು.

ಒಂದು ರವಿವಾರ ನನ್ನ ಗಂಡ ಕೇಳಿದರು. ಈಗ ಅವರ ಮಾತು ಎರಡು ಶಬ್ದಕ್ಕೊಮ್ಮೆ ನಿಲ್ಲುತ್ತದೆ.

"ಅವ್ವ ಯಾಕ... ಒಳಗ ಬರವಲ್ಲಳು?"

ಆಗ ಅವರಿಗೆ ಹೇಳಿದೆ. ಬಿಲ್ಲು, ವಾರಂಟಿ, ಸೀರೆಯ ಕೆಳಗಿನ ಪುಸ್ತಕ, ಆಡಿಟ್. ವರಾಂಡದಲ್ಲಿ ನಾನು ಸುಮ್ಮನಿದ್ದದ್ದು. ಅವರು ಸಿಟ್ಟಾಗಲಿ, ಬೈಯಲಿ ಎಂದು ಕಾಯ್ದೆ. ಬೈಯಲು ಉಸಿರು ಬೇಕಲ್ಲ. ಛಾವಣಿ ನೋಡುತ್ತ ಮಲಗಿದ್ದರು. ಕಣ್ಣಿನ ಮೂಲೆಯಿಂದ ನೀರು ಕಿವಿಯ ಕಡೆ ಇಳಿಯಿತು, ನಾನು ಒರೆಸಲು ಹೋದರೆ ಮುಖ ತಿರುಗಿಸಿದರು.

"ನನಗ ಹೇಳಿ... ಏನ ಮಾಡ್ತಿ? ಅಕಿಗಿ ಹೇಳು."

ಅತ್ತೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ಅಕ್ಷರ ಬಾರದವರಿಗೆ ಕೋಡ್ ಎಂದರೆ ಏನೆಂದು ಹೇಗೆ ಹೇಳುವುದು ಎಂದು ನಾನು ಬಹಳ ತಲೆ ಕೆಡಿಸಿಕೊಂಡಿದ್ದೆ. ಹೇಳಲು ಹೋದರೆ ಕೋಡಿನ ಗೊಡವೆಯೇ ಬೇಕಾಗಲಿಲ್ಲ.

"ಅತ್ತೀ, ಆ ಮಷೀನಿಗಿ ಬಟ್ಟಿ ಹೊಚ್ಚಬಾರದು ಅಂತ ಹೇಳೋ ಮನುಷ್ಯಾ ಮನೀಗಿ ಬರಬೇಕಿತ್ತು. ರೊಕ್ಕದ ಸಲುವಾಗಿ ನಾ ಸುಳ್ಳು ಬರದು, ಅವ ಬರದಂಗ ಮಾಡಿದೆ. ಸಪ್ಪಳ ಬದಲಾಗ್ಯಾದ ಅಂತ ಅವರು ಹೇಳಿದಾಗೂ ನಾ ಯಾರನ್ನೂ ಕರೀಲಿಲ್ಲ. ಆಸ್ಪತ್ರ್ಯಾಗ ನಿಮ್ಮ ಮ್ಯಾಲೆ ಬಂದಾಗ ಸುಮ್ಮನ ನಿಂತೆ."

ಅವರ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಹೊತ್ತುತ್ತಿತ್ತು, ತಿರುವಲಿಲ್ಲ.

"ಬಟ್ಟಿ ಹೊಚ್ಚಿದ್ದು ಖರೇನ, ಹೌದಿಲ್ಲೊ?"

"ಹೌದು."

"ಅದರಿಂದ ಕೆಟ್ಟಿದ್ದು ಖರೇನ?"

"ಹೌದು. ಆದ್ರ ನಿಮಗ ಗೊತ್ತಿರಲಿಲ್ಲ. ನನಗ ಗೊತ್ತಾಗಬೇಕಿತ್ತು."

ಅವರು ನನ್ನ ಮುಖ ನೋಡಿದರು. ಇಪ್ಪತ್ತು ವರ್ಷದಲ್ಲಿ ಹಾಗೆ ನೋಡಿದ್ದು ಅದೇ ಮೊದಲು.

"ನಲವತ್ತು ದಿನ ನನ್ನ ಮಗನ್ನ ಮುಟ್ಟಗೊಡಲಿಲ್ಲ ನೀ ನನಗ," ಎಂದರು.

ಅವರು ಹೊತ್ತಿದ ರೊಟ್ಟಿಯನ್ನು ಬದಿಗಿಟ್ಟರು, ಹಿಟ್ಟಿನ ಕೈ ತೊಳೆದರು, ಸೆರಗಿಗೆ ಒರೆಸಿಕೊಂಡರು. ನನ್ನನ್ನು ದಾಟಿಕೊಂಡು ಕೋಣೆಯೊಳಗೆ ಹೋದರು. ನಾನು ಹಿಂದೆ ಹೋಗಲಿಲ್ಲ. ಒಳಗಿನಿಂದ ಮಷೀನಿನ ಸದ್ದು ಮಾತ್ರ ಕೇಳುತ್ತಿತ್ತು.

ಇದಾಗಿ ಮೂರು ತಿಂಗಳು. ನನ್ನ ಗಂಡ ಇದ್ದಾರೆ. ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಹಾಸಿಗೆಗೆ. ಮುಂದಿನ ಚಳಿಗಾಲದ ಬಗ್ಗೆ ಡಾಕ್ಟರನ್ನು ನಾನು ಕೇಳಿಲ್ಲ, ಅವರೂ ಹೇಳಿಲ್ಲ. ಪ್ರತಿ ಬೆಳಿಗ್ಗೆ ಉಗುರು ನೋಡುತ್ತೇನೆ. ಬಣ್ಣ ಸರಿ ಇದ್ದರೆ ಆ ದಿನ ಸಿಕ್ಕಿತು ಎಂದುಕೊಳ್ಳುತ್ತೇನೆ. ಅಷ್ಟು ಸಾಕೆಂದು ಕಲಿಯುತ್ತಿದ್ದೇನೆ.

ಇಂಜಿನಿಯರ್ ಎರಡನೆಯ ಸಲ ಬರುವ ದಿನ ನಾನು ರಜೆ ಹಾಕಿದ್ದೆ. ಅತ್ತೆ ಮೊದಲೇ ಹೇಳಿಬಿಟ್ಟರು. "ಅವ ಬಂದಾಗ ನಾನೇ ಕೇಳ್ತೀನಿ. ನೀ ನಡುವ ಬಾಯಿ ಹಾಕಬ್ಯಾಡ." ನೆಲದ ಮೇಲೆ ಕೂತು ಒಂದೊಂದನ್ನೇ ಬೆರಳಿಟ್ಟು ಕೇಳಿದರು. ಎಲ್ಲಿಂದ ಗಾಳಿ ಒಳಗೆ ಹೋಗುತ್ತದೆ, ಎಲ್ಲಿಂದ ಬಿಸಿ ಹೊರಗೆ ಬರುತ್ತದೆ, ಯಾವ ದೀಪ ಹತ್ತಿದರೆ ಹೆದರಬೇಕು. ಅವನು ಹೇಳಿದ್ದನ್ನು ತಿರುಗಿ ಒಪ್ಪಿಸಿದರು. ಒಂದೂ ತಪ್ಪಲಿಲ್ಲ.

ಈಗ ಪ್ರತಿ ಸೋಮವಾರ ಬೆಳಿಗ್ಗೆ ಫಿಲ್ಟರ್ ತೆಗೆದು, ತೊಳೆದು, ಒಣಗಿಸಿ ಹಾಕುವವರು ಅತ್ತೆಯೇ. ನನ್ನ ಜೊತೆ ಬೇಕಾದಷ್ಟೇ ಮಾತು. ಕಳೆದ ವಾರ ಅವರ ಮೊಣಕಾಲು ನೋಯುತ್ತಿತ್ತು. ನಾನು ತೆಗೆಯುತ್ತೇನೆ ಎಂದು ಮಷೀನಿನ ಹಿಂದೆ ಕೈ ಚಾಚಿದೆ. ಅವರು ನನ್ನ ಕೈಯನ್ನು ಮೆಲ್ಲಗೆ ಸರಿಸಿದರು.

"ಬಸ್ಸಿನ ಹೊತ್ತಾತು. ನೀ ಆಫೀಸಿಗಿ ಹೋಗು."

ಹೋದೆ.